ಗೋಡೆಯ ಆಚೆ ಕೂತವರು

ಹಳಿಯಾಳದ ಹೊರಗಿರುವ ಧ್ಯಾನಮನೆಯಲ್ಲಿ ಇಪ್ಪತ್ತೊಂಬತ್ತು ವರ್ಷ ನಾನು ಮಾಡಿದ ಕೆಲಸಕ್ಕೆ ಸರಿಯಾದ ಒಂದು ಹೆಸರಿಲ್ಲ. ಹಾಜರಿ ಪುಸ್ತಕದಲ್ಲಿ ಶಿಕ್ಷಕಿ ಎಂದಿತ್ತು. ಬಂದವರು ಬಾಯಾರು ಎನ್ನುತ್ತಿದ್ದರು. ನಮ್ಮ ಕಡೆ ಕಲಿಸುವ ಹೆಂಗಸನ್ನು ಕರೆಯುವುದೇ ಹಾಗೆ. ಮಾಡುತ್ತಿದ್ದದ್ದು ಇಷ್ಟು: ಆರೇಳು ನೂರು ವರ್ಷಗಳ ಹಿಂದೆ ಯುರೋಪಿನ ಒಂದು ಕಡಲೂರಿನಲ್ಲಿ ಇಗರ್ಜಿಯ ಗೋಡೆಗೆ ಅಂಟಿಸಿ ಕಟ್ಟಿದ ಕೋಣೆಯನ್ನು ತಾನಾಗಿಯೇ ಹೊಕ್ಕು, ಬಾಗಿಲಿಗೆ ಕಲ್ಲು ಕಟ್ಟಿಸಿಕೊಂಡು, ಸಾಯುವವರೆಗೂ ಹೊರಗೆ ಬರದ ಒಬ್ಬ ಹೆಂಗಸು ಬರೆಸಿಟ್ಟ ಪ್ರಾರ್ಥನೆಯ ಬರಹಗಳನ್ನು ಕನ್ನಡಕ್ಕೆ ತಂದು, ಧ್ಯಾನಕ್ಕೆ ಬಂದವರಿಗೆ ಓದಿ, ಅರ್ಥ ಹೇಳುವುದು.

ಈಗ ನನ್ನ ಕುರ್ಚಿಗೆ ಇಬ್ಬರು ಹೊಸ ಶಿಕ್ಷಕಿಯರು ಬಂದಿದ್ದಾರೆ. ಹೋದ ಸಲ ಭೇಟಿಯಾದಾಗ, "ಬಾಯಾರ, ನಿಮ್ಮ ಟಿಪ್ಪಣಿ ಪುಸ್ತಕ ಕೊಡ್ರಿ, ಅದನ್ನ ಹಿಡಕೊಂಡ ನಡಸ್ತೀವಿ," ಎಂದರು. ಪುಸ್ತಕ ಕೊಟ್ಟೆ. ಆದರೆ ಪುಸ್ತಕದಲ್ಲಿ ಬರೆಯದೆ ಬಿಟ್ಟದ್ದೇ ಈ ಕೆಲಸದಲ್ಲಿ ಹೆಚ್ಚು. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ನನ್ನನ್ನು ಈ ಕೆಲಸಕ್ಕೆ ಹಚ್ಚಿದವರು ಫಾದರ್ ಬೆಂಜಮಿನ್. ಮಂಗಳೂರು ಕಡೆಯವರು, ಆಗಲೇ ಅರವತ್ತು ದಾಟಿದ್ದರು. ಅವರಿಗೆ ಲ್ಯಾಟಿನ್ ಬರುತ್ತಿತ್ತು, ನನಗೆ ಕನ್ನಡ ಬರುತ್ತಿತ್ತು. ಮುಂಜಾನೆ ಚಹಾ ಆದ ಮೇಲೆ ಅವರು ಒಂದೊಂದೇ ಸಾಲು ಓದಿ ಬಾಯಲ್ಲೇ ಬಿಡಿಸಿ ಹೇಳುವರು, ನಾನು ಬರೆದುಕೊಳ್ಳುವೆ. ಆ ಹೆಂಗಸಿನ ಹೆಸರು ಯಾವ ಪುಟದಲ್ಲೂ ಇರಲಿಲ್ಲ. ಕೋಣೆ ಸೇರಿದ ದಿನವೇ ಹೆಸರು ಬಿಟ್ಟಿದ್ದಳಂತೆ. ಧ್ಯಾನಕ್ಕೆ ಬರುವ ಹೆಂಗಸರು ಅವಳಿಗೆ ಗೋಡಿತಾಯಿ ಎಂದು ಹೆಸರಿಟ್ಟರು, ಅದೇ ಉಳಿಯಿತು.

ಮೊದಲ ವಾರ ಫಾದರ್ ನನಗೆ ಬರಹ ತೋರಿಸಲಿಲ್ಲ, ಕೋಣೆಯ ಸಂಗತಿ ಹೇಳಿದರು. ಅವಳು ಒಳಗೆ ಹೋಗುವ ದಿನ ಅವಳಿಗೆ ಸತ್ತವರ ಪೂಜೆ ಮಾಡಿದರು. ಬದುಕಿದ್ದವಳ ಮೇಲೆ ಹಿಡಿ ಮಣ್ಣು ಹಾಕಿದರು. ಆಮೇಲೆ ಬಾಗಿಲು ಕಟ್ಟಿದರು. ಉಳಿದದ್ದು ಮೂರು ಕಿಂಡಿ: ಒಂದು ಇಗರ್ಜಿಯ ಒಳಗೆ, ಒಂದು ಬೀದಿಗೆ, ಒಂದು ಊಟ ಕೊಡುವ ಆಳಿಗೆ. ಬೀದಿಯ ಕಿಂಡಿಗೆ ಕಪ್ಪು ಅರಿವೆ. ಕೋಣೆಯ ನೆಲದಡಿ ಅವಳಿಗಿಂತ ಮೊದಲು ಅಲ್ಲಿದ್ದವಳನ್ನು ಹೂತಿದ್ದರು. ಮುಂದೆ ಇವಳನ್ನೂ ಅಲ್ಲೇ ಹೂಳುವರು. ತಾನು ಮಲಗುವ ಜಾಗದ ಕೆಳಗೆ ಯಾರಿದ್ದಾರೆಂದು ಗೊತ್ತಿದ್ದೇ ಅವಳು ದಿನಾ ಮಲಗುತ್ತಿದ್ದಳು.

"ಇಷ್ಟು ಮನಸ್ಸಿನಲ್ಲಿ ಇಟ್ಟುಕೊಂಡು ಓದು ಲೂಸಿ," ಎಂದರು ಫಾದರ್. "ಇಲ್ಲದಿದ್ದರೆ ಅವಳ ಮಾತು ಬರೀ ಚಂದ ಕಾಣ್ತದೆ."

ಎರಡನೆಯ ವಾರ ಒಂಬತ್ತನೆಯ ಪುಟಕ್ಕೆ ಬಂದೆವು. ಅಲ್ಲಿ ಅವಳು ಹೇಳುವುದು ಗೋಡೆಯ ಆಚೆ ಕೂತಿರುವುದನ್ನು, ತಾನು ಉಸಿರು ಬಿಟ್ಟಾಗ ಆಚೆಯಿಂದ ಎಳೆದುಕೊಳ್ಳುವುದನ್ನು. ಕೂತದ್ದು ಯಾರು? ಅದನ್ನು ಹೇಳಿಲ್ಲ. ಲ್ಯಾಟಿನ್ನಿನಲ್ಲಿ ಹೇಳದೆಯೂ ನಡೆಯುತ್ತದೆ. ಕೂತದ್ದು ಗಂಡೋ ಹೆಣ್ಣೋ ಎಂದು ಆ ಕ್ರಿಯಾಪದ ಬಾಯಿ ಬಿಡುವುದಿಲ್ಲ. ನಮ್ಮ ಕನ್ನಡದಲ್ಲಿ ಹಾಗೆ ತಪ್ಪಿಸಿಕೊಳ್ಳಲು ಬರುವುದಿಲ್ಲ. ಕೂತಿದ್ದಾನೆ, ಕೂತಿದ್ದಾಳೆ, ಕೂತಿದೆ, ಯಾವುದಾದರೂ ಒಂದು ಹೇಳಲೇಬೇಕು.

"ಅವನು ಅಂದರೆ ದೇವರು ಅಂತ ಆಗ್ತದೆ," ಎಂದರು ಫಾದರ್. "ಅವಳು ಅಂದರೆ ಕೆಳಗೆ ಹೂತವಳು ಅಂತ ಆಗ್ತದೆ. ಅದು ಅಂದರೆ ಭೂತವೇ ಆಯಿತು. ಅವಳು ಏನೂ ಹೇಳ್ಲಿಲ್ಲ. ಹೇಳ್ಲಿಕ್ಕೆ ನಾವು ಯಾರು?"

ನಾಲ್ಕು ದಿನ ತಲೆ ಕೆಡಿಸಿಕೊಂಡೆ. ಐದನೆಯ ದಿನ ಹೊಳೆಯಿತು. ಅವರು! ಗಂಡೂ ಅಲ್ಲ, ಹೆಣ್ಣೂ ಅಲ್ಲ, ಮರ್ಯಾದೆಯೂ ಇದೆ. "ಗೋಡೆಯ ಆಚೆ ಅವರು ಕೂತಿದ್ದಾರೆ. ನಾನು ಉಸಿರು ಬಿಟ್ಟಾಗ ಅವರು ಎಳೆದುಕೊಳ್ಳುತ್ತಾರೆ." ಫಾದರ್ ಮುಂದೆ ಓದಿದೆ. ಅವರು ಲ್ಯಾಟಿನ್ ಸಾಲನ್ನು ಮತ್ತೊಮ್ಮೆ ಓದಿ ನೋಡಿ, "ಆಗಬಹುದು," ಎಂದರು. ನಾನು ಹಿಗ್ಗಿಬಿಟ್ಟೆ. ನನ್ನ ಜೀವನದಲ್ಲಿ ನಾನು ಆರಿಸಿದ ಶಬ್ದಗಳಲ್ಲಿ ಅತ್ಯಂತ ಒಳ್ಳೆಯದು ಅದೇ ಎಂದು ವರ್ಷಗಟ್ಟಲೆ ನಂಬಿದ್ದೆ.

ಆ ಪುಟವನ್ನು ಮೊದಲು ಕೇಳಿದವರು ಹಳಿಯಾಳ ತಾಲೂಕಿನ ಸಿದ್ದಿ ಹೆಂಗಸರು. ಹನ್ನೆರಡು ಜನ ಬಂದಿದ್ದರು. ನಾನು ಓದಿ ಅರ್ಥ ಹೇಳಿ, ಏನಾದರೂ ಕೇಳುವುದಿದ್ದರೆ ಕೇಳಿ ಎಂದೆ. ರುಜಾಬಾಯಿ ಎಂಬಾಕೆ ಕೈಯೆತ್ತಿದಳು. ಗದ್ದೆ ಕೆಲಸ ಮಾಡುವ ಗಟ್ಟಿ ಆಳು, ನನ್ನದೇ ವಯಸ್ಸು.

"ಬಾಯಾರ, ಆಕೀಗೆ ನೀರ ಯಾರು ತಂದ ಕೊಡ್ತಿದ್ರು?"

"ಒಬ್ಬಾಕಿ ಆಳು ಇದ್ಲು."

"ಆ ಆಳಿಗೂ ಗೋಡಿ ಆಚೆ ಕೂತವರು ಕೇಳಸ್ತಿದ್ರೇನು?"

ಉಳಿದವರು ನಕ್ಕರು. ನಾನೂ ನಕ್ಕು, ಅದು ಬರಹದಲ್ಲಿಲ್ಲ ಎಂದೆ. ಅರ್ಥ ಹೇಳುವವರಿಗೆ ಇದು ಬಹಳ ಅನುಕೂಲದ ಮಾತು. ಉತ್ತರ ಗೊತ್ತಿಲ್ಲದ ಕಡೆಯೆಲ್ಲ ಇದನ್ನೇ ಹೇಳುತ್ತಿದ್ದೆ. ಮುಂದೆ ರುಜಾಬಾಯಿ ನಮ್ಮ ಧ್ಯಾನಮನೆಗೇ ಅಡುಗೆಗೆ ಬಂದಳು. ಹೀಗಾಗಿ ಅವಳ ಪ್ರಶ್ನೆಗಳು ದಿನಾ ಬರತೊಡಗಿದವು.

ಧ್ಯಾನಮನೆಗೆ ಬರಲಾಗದವರ ಊರಿಗೆ ನಾವೇ ಹೋಗುತ್ತಿದ್ದೆವು. ಜೋಯಿಡಾ ಕಾಡಿನ ಒಳಗೆ ಒಂದು ಸಣ್ಣ ಇಗರ್ಜಿ ಇತ್ತು, ಸುತ್ತ ಎಂಟೋ ಹತ್ತೋ ಮನೆ. ನಾವು ಹೋದ ದಿನ ಮಧ್ಯಾಹ್ನ ಮೂರು ಗಂಟೆಗೇ ಮೋಡ ಮುಚ್ಚಿ ಒಳಗೆ ಅಕ್ಷರ ಕಾಣದಂತಾಗಿತ್ತು. ಮುಂದಿನ ಬೆಂಚಿನಲ್ಲಿ ಬಸ್ತ್ಯಾಂವ ಎಂಬ ಮುದುಕ ಕೂತಿದ್ದ. ಕಣ್ಣು ಕಾಣುತ್ತಿರಲಿಲ್ಲ. ಕೊಂಕಣಿ ಬಿಟ್ಟರೆ ಬೇರೆ ಮಾತು ಆಡುತ್ತಿರಲಿಲ್ಲ. ನಾನು ಒಂಬತ್ತನೆಯ ಪುಟವನ್ನು ಕೊಂಕಣಿಯಲ್ಲಿ ಹೇಳಿದೆ: ಉಸಿರು ಬಿಟ್ಟಾಗ ಅವರು ಎಳೆದುಕೊಳ್ಳುತ್ತಾರೆ. ಅಷ್ಟಕ್ಕೆ ನಿಲ್ಲಿಸಿ ನೀರು ಕುಡಿಯಲು ಲೋಟ ಎತ್ತಿದೆ.

ಬಸ್ತ್ಯಾಂವ ತನ್ನಷ್ಟಕ್ಕೆ ಎಂಬಂತೆ ಹೇಳಿದ: "ನಾವು ಉಸಿರು ಹಿಡಿದರೆ ಅವರು ಕಾಯುತ್ತಾರೆ."

ಲೋಟ ನನ್ನ ಕೈಯಲ್ಲೇ ಉಳಿಯಿತು. ಅದೇ ಮುಂದಿನ ಸಾಲು. ಅದನ್ನು ಫಾದರ್ ನನಗೆ ಬಿಡಿಸಿ ಹೇಳಿದ್ದು ಹಿಂದಿನ ದಿನ ಮುಂಜಾನೆ. ನಾನಿನ್ನೂ ಯಾರ ಮುಂದೆಯೂ ಓದಿರಲಿಲ್ಲ. ನನ್ನ ಚೀಲದಲ್ಲಿ ಮಡಚಿದ ಹಾಳೆಯ ಮೇಲೆ ಪೆನ್ಸಿಲ್ಲಿನಲ್ಲಿ ಬರೆದುಕೊಂಡಿದ್ದೆ, ಅಷ್ಟೇ.

ಪ್ರಾರ್ಥನೆ ಮುಗಿದ ಮೇಲೆ ಅವನ ಹತ್ತಿರ ಹೋಗಿ, "ಬಾಪ್ಪಾ, ಆ ಮಾತು ನಿಮಗೆ ಯಾರು ಹೇಳಿದರು?" ಎಂದು ಕೇಳಿದೆ.

ಅವನಿಗೆ ನನ್ನ ಪ್ರಶ್ನೆಯೇ ಅರ್ಥವಾದಂತೆ ಕಾಣಲಿಲ್ಲ. ಕೋಲು ಹುಡುಕಿಕೊಂಡು ಎದ್ದು, "ಯಾರು ಯಾಕೆ ಹೇಳಬೇಕು ಮಗಳೇ? ಅದು ಇರುವುದೇ ಹಾಗಲ್ಲವೇ," ಎಂದು ಹೊರಗೆ ನಡೆದ. ವಾಪಸು ಬರುವಾಗ ಜೀಪಿನಲ್ಲಿ ಇಡೀ ದಾರಿ ನನ್ನ ಉಸಿರನ್ನು ನಾನೇ ಗಮನಿಸುತ್ತಿದ್ದೆ. ಒಮ್ಮೆ ಗಮನಿಸತೊಡಗಿದರೆ ಅದು ತಾನಾಗಿ ನಡೆಯುವುದಿಲ್ಲ, ನಾವೇ ಎಳೆದು ಬಿಡಬೇಕಾಗುತ್ತದೆ. ದಾಂಡೇಲಿ ಮುಟ್ಟುವಷ್ಟರಲ್ಲಿ ಎದೆ ನೋಯುತ್ತಿತ್ತು.

ಫಾದರ್‌ಗೆ ಹೇಳಿದೆ. ಅವರು ನಗಲಿಲ್ಲ. "ಮುಚ್ಚಿದ ಕೋಣೆಯಲ್ಲಿ ಕೂತವರು ಇಲ್ಲೇ ಹತ್ತಿರ ಇದ್ದಾರೆ. ಹೋಗಿ ಕೇಳಿ ಬಾ," ಎಂದು ಮುಂಡಗೋಡಕ್ಕೆ ಕಳಿಸಿದರು.

ಮುಂಡಗೋಡದ ಟಿಬೆಟನ್ ಕಾಲೊನಿಯಲ್ಲಿ ಲೋಬ್ಸಾಂಗ್ ಎಂಬ ಹಿರಿಯ ಲಾಮಾ ಇದ್ದರು. ಮೂರು ವರ್ಷ ಬಾಗಿಲು ಮುಚ್ಚಿಕೊಂಡು ಧ್ಯಾನಕ್ಕೆ ಕೂತು ಹೊರಬಂದವರು. ಗೋವಿನಜೋಳದ ಹೊಲ ದಾಟಿ ಅವರ ಕೋಣೆಗೆ ಹೋದಾಗ ಬಿಸಿಲಿಗೆ ಕಾಲು ಚಾಚಿ ಕೂತು ಸ್ವೆಟರಿನ ಗುಂಡಿ ಹೊಲಿಯುತ್ತಿದ್ದರು. ಮುಂಡಗೋಡ ಸಂತೆಯಲ್ಲಿ ಕಲಿತ ಕನ್ನಡ ಅವರದು. ಗೋಡಿತಾಯಿಯ ಒಂಬತ್ತನೆಯ ಪುಟ ಓದಿ ಹೇಳಿದೆ. ತಲೆದೂಗುತ್ತ ಕೇಳಿದರು.

"ಖರೆ ಐತಿ," ಎಂದರು. "ಬಾಗಲಾ ಹಾಕಿದ ಮ್ಯಾಲ ಮೊದಲ ನಿಮ್ಮ ಸಪ್ಪಳ ನೀವ ಕೇಳ್ತೀರಿ. ಒಂದ ವರ್ಷ ಆದ ಮ್ಯಾಲ ಇನ್ನೊಬ್ಬರ ಸಪ್ಪಳ ಬರ್ತದ."

"ಯಾರದು?"

ಸೂಜಿ ನಿಲ್ಲಿಸಿ ನನ್ನನ್ನು ನೋಡಿದರು. "ಅದನ್ನ ಕೇಳಬಾರದು. ಹೆಸರ ಇಟ್ರ ಅದು ಎದ್ದ ಹೋಗೂದಿಲ್ಲ."

ಆಮೇಲೆ ಇನ್ನೊಂದು ಮಾತು ಹೇಳಿದರು. ಅವರಿಗೆ ಊಟ ತರುತ್ತಿದ್ದ ಭಿಕ್ಷು ದಿನಾ ಬಾಗಿಲು ಬಡಿದು, ನಿನ್ನೆ ಏನು ತಿಂದಿರಿ ಎಂದು ಕೇಳಬೇಕಿತ್ತಂತೆ. ಉತ್ತರ ಸರಿ ಬರದಿದ್ದರೆ, ಮೂರು ವರ್ಷದ ವ್ರತ ಹಾಳಾದರೂ ಸರಿ, ಬಾಗಿಲು ಒಡೆಯಬೇಕೆಂದು ಗುರುಗಳ ಅಪ್ಪಣೆ. "ಒಳಗ ಕೂಡವನ ಕಥಿ ಒಂದ ಹೇಳಬ್ಯಾಡ್ರಿ ಅಮ್ಮಾ. ಬಾಗಲಾ ಬಡಿಯವನ ಕಥಿನೂ ಹೇಳ್ರಿ. ಎರಡೂ ಕೂಡೇ ಇರಬೇಕು."

ವಾಪಸು ಬರುತ್ತ ಅತ್ತಿವೇರಿ ದಾಟುವಾಗ ಬಸ್ಸಿನಲ್ಲೇ ಎಲ್ಲವನ್ನೂ ಬರೆದುಕೊಂಡೆ. ಆದರೆ ಧ್ಯಾನಮನೆಯಲ್ಲಿ ಕೂತು ಅರ್ಥ ಹೇಳುವಾಗ ಮೊದಲನೆಯ ಅರ್ಧವನ್ನೇ ಬಳಸಿದೆ. ಬಾಗಿಲು ಬಡಿಯುವವನ ಸಂಗತಿ ನಮ್ಮ ಬರಹದಲ್ಲಿ ಇಲ್ಲವಲ್ಲ. ಜೊತೆಗೆ ಮೊದಲನೆಯ ಅರ್ಧ ಹೇಳಿದಾಗ ಕೋಣೆಯಲ್ಲಿ ಎಂಥ ಮೌನ ಬೀಳುತ್ತಿತ್ತು ಎಂದರೆ, ಅದರ ಮೇಲೆ ಊಟದ ಮಾತು ಆಡಿ ಅದನ್ನು ಕೆಡಿಸಲು ನನಗೆ ಮನಸ್ಸಾಗಲಿಲ್ಲ. ಆ ಮೌನ ನನಗೆ ರುಚಿ ಹತ್ತಿತ್ತು. ಕೇಳುವವರ ಮುಖ ಬಿಳಿಚುವುದನ್ನು ನೋಡಿ, ನನ್ನ ಅನುವಾದ ಕೆಲಸ ಮಾಡುತ್ತಿದೆ ಎಂದುಕೊಳ್ಳುತ್ತಿದ್ದೆ.

ಸೆಲಿನಾ ದಾಂಡೇಲಿಯಿಂದ ಬಂದವಳು. ಮೂವತ್ತೈದರ ಆಸುಪಾಸು. ಅವಳ ಗಂಡ ಮಿಲ್ಲಿನಲ್ಲಿ ಪಾಳಿಯ ಕೆಲಸಕ್ಕಿದ್ದವನು, ನಿದ್ದೆಯಲ್ಲೇ ಹೋಗಿಬಿಟ್ಟಿದ್ದ. ಮಕ್ಕಳಿರಲಿಲ್ಲ. ರಾತ್ರಿ ಪಾಳಿ ಮುಗಿಸಿ ಬಂದ ಗಂಡ ಹಗಲು ಹಿಂದಿನ ಕೋಣೆಯಲ್ಲಿ ಮಲಗಿದರೆ, ಇವಳು ಅಡುಗೆಮನೆಯಲ್ಲಿ ಪಾತ್ರೆ ಸಪ್ಪಳವಾಗದಂತೆ ಕೆಲಸ ಮಾಡುತ್ತ ಗೋಡೆಯಾಚೆ ಅವನ ಉಸಿರು ಕೇಳುತ್ತಿದ್ದಳಂತೆ. ಹತ್ತು ವರ್ಷ ಅವಳ ಹಗಲುಗಳೆಲ್ಲ ಆ ಸದ್ದಿನಲ್ಲೇ ಕಳೆದಿದ್ದವು. ಇದೆಲ್ಲ ನನಗೆ ತಿಳಿದದ್ದು ಆಮೇಲೆ. ಅಂದು ನನಗೆ ಕಂಡದ್ದು ಕೊನೆಯ ಸಾಲಿನಲ್ಲಿ ಕೂತು ಒಂಬತ್ತನೆಯ ಪುಟ ಕೇಳುವಾಗ ತುಟಿ ನಡುಗುತ್ತಿದ್ದ ಒಬ್ಬ ಹೆಂಗಸು.

ಎಲ್ಲರೂ ಊಟಕ್ಕೆ ಎದ್ದ ಮೇಲೆ ಅವಳು ಬಂದಳು. "ಬಾಯಾರ, ಆ ಗೋಡಿ ಆಚೆ ಕೂತ ಅವರು, ಅಂದ್ರ ಯಾರ್ರಿ?"

ನನ್ನ ಇಪ್ಪತ್ತೊಂಬತ್ತು ವರ್ಷದಲ್ಲಿ ಆಡಿದ ಅತಿ ಕೆಟ್ಟ ಮಾತನ್ನು ಆಗ ಆಡಿದೆ. ಮುಗುಳ್ನಕ್ಕು, "ನಿನಗ ಯಾರು ಅನಸ್ತಾರ, ಅವರ," ಎಂದೆ.

ಅವಳು ನನ್ನ ಕೈ ಹಿಡಿದು ಕಣ್ಣಿಗೊತ್ತಿಕೊಂಡಳು. ಆ ಪುಟದ ಒಂದು ಪ್ರತಿ ಬೇಕೆಂದಳು. ಟೈಪು ಮಾಡಿದ್ದು ಇತ್ತು, ಕೊಟ್ಟೆ.

ನಾಲ್ಕು ತಿಂಗಳಾದ ಮೇಲೆ ಒಂದು ಮಧ್ಯಾಹ್ನ ಖೈರುನ್ನಿಸಾ ಎಂಬ ಹೆಂಗಸು ಧ್ಯಾನಮನೆಗೆ ಬಂದಳು. ಸೆಲಿನಾಳ ಪಕ್ಕದ ಮನೆಯವಳು. ಅವಳ ಗಂಡ ಅಲ್ಲೇ ಗ್ಯಾರೇಜು ನಡೆಸುತ್ತಿದ್ದ. ದಾಂಡೇಲಿಯಿಂದ ಬಸ್ಸು ಹಿಡಿದು ಹುಡುಕಿಕೊಂಡು ಬಂದಿದ್ದಳು. ಕೈಯಲ್ಲಿ ನಾನು ಕೊಟ್ಟ ಹಾಳೆ.

"ಇದನ್ನ ಬರದವರು ನೀವೇನ್ರಿ?"

"ಹೌದು."

"ಹಂಗಾದ್ರ ಈಗ ನಡೀರಿ ನನ್ನ ಕೂಡ. ಸೆಲಿನಾ ಹಿಂದಿನ ಖೋಲಿ ಹೊಕ್ಕು ಚಿಲಕಾ ಹಾಕ್ಕೊಂಡ ಕೂತಾಳ. ಕಿಡಕಿಗೆ ಇಟ್ಟಂಗಿ ಕಟ್ಟಸ್ಯಾಳ, ಒಂದ ಇಟ್ಟಂಗಿ ಅಷ್ಟ ತಗದಿಟ್ಟಾಳ. ಒಂದೂವರಿ ತಿಂಗಳ ಆತು. ನಾ ರೊಟ್ಟಿ, ಚಾ ಅದರಾಗಿಂದ ಕೊಡ್ತಿದ್ದೆ. ನಾಲ್ಕ ದಿನಾತು, ಕೊಟ್ಟಿದ್ದು ಕೊಟ್ಟಾಂಗ ಐತಿ."

"ಅವಳ ಕಡೆಯವರು?"

"ಅಣ್ಣ ಗೋವಾದಾಗ ಅದಾನ, ಬರ್ತೇನಿ ಅಂತಾನ, ಬರವಲ್ಲ. ಓಣಿ ಮಂದಿ ಅಕೀನ್ನ ದೇವರ ಮಾಡ್ಯಾರ್ರಿ."

ಫಾದರ್ ಆಗ ಹಾಸಿಗೆ ಹಿಡಿದಿದ್ದರು. ರುಜಾಬಾಯಿ ಒಲೆಯ ಮೇಲಿನ ಪಾತ್ರೆ ಇಳಿಸಿ, ಸೆರಗಿಗೆ ಕೈ ಒರೆಸಿಕೊಂಡು, "ನಾನೂ ಬರ್ತೇನಿ," ಎಂದಳು. ಬಸ್ಸಿನಲ್ಲಿ ಅವಳು ಖೈರುನ್ನಿಸಾಳ ಕೈಯಿಂದ ಹಾಳೆ ತೆಗೆದುಕೊಂಡು ಅಕ್ಷರ ಕೂಡಿಸಿ ಕೂಡಿಸಿ ಓದಿದಳು. ಓದಿ ನನ್ನ ಕಡೆ ತಿರುಗಿದಳು.

"ಬಾಯಾರ, ಮದಿವಿ ಆದಾಕಿ 'ಅವರು' ಅಂದ್ರ ಯಾರು?"

ನನಗೆ ಒಮ್ಮೆಗೆ ತಿಳಿಯಲಿಲ್ಲ.

"ನಾವು ಗಂಡನ ಹೆಸರ ಹೇಳ್ತೇವೇನು? ಅವರು ಬಂದ್ರು, ಅವರು ಉಂಡ್ರು ಅಂತೇವಿ. ನಿಮಗ ಮದಿವಿ ಆಗಿಲ್ಲ, ಅದಕ್ಕ ಹೊಳದಿಲ್ಲ."

ಬಸ್ಸು ಕಾಡಿನ ನಡುವೆ ಹೋಗುತ್ತಿತ್ತು. ಅವಳ ಕೈಯಿಂದ ಹಾಳೆ ತೆಗೆದುಕೊಂಡು ಆ ಸಾಲನ್ನು ಮತ್ತೆ ಓದಿದೆ. ನನ್ನ ಜೀವಮಾನದ ಅತ್ಯುತ್ತಮ ಶಬ್ದ ಆ ವಿಧವೆಗೆ ಅವಳ ಸತ್ತ ಗಂಡನನ್ನು ಗೋಡೆಯಾಚೆ ತಂದು ಕೂರಿಸಿತ್ತು.

ಸೆಲಿನಾಳ ಮನೆ ಸಾಲುಮನೆಗಳ ಕೊನೆಯದು. ಹಿಂದೆ ಇಳಿಜಾರು, ಕೆಳಗೆ ಹಳ್ಳ. ಹಿತ್ತಲಿನಲ್ಲಿ ಏಳೆಂಟು ಹೆಂಗಸರು ಸಾಲಾಗಿ ಕೂತಿದ್ದರು. ಇಟ್ಟಂಗಿ ಕಟ್ಟಿದ ಕಿಟಕಿಯ ಕೆಳಗೆ ಮೇಣದ ಬತ್ತಿಗಳು ಉರಿಯುತ್ತಿದ್ದವು, ಹಗಲು ನಾಲ್ಕು ಗಂಟೆಯ ಬೆಳಕಿನಲ್ಲಿ. ಒಬ್ಬಳು ಕಿಂಡಿಗೆ ಬಾಯಿಟ್ಟು ಪಿಸುಗುಟ್ಟುತ್ತಿದ್ದಳು: "ಸತ್ತ ನಮ್ಮ ಅವ್ವ ಅಲ್ಲಿ ಚಲೋ ಅದಾಳಂತೇನ? ಕೇಳಿ ಹೇಳವಾ." ಒಳಗಿಂದ ಏನೋ ಉತ್ತರ ಬಂತು. ಅವಳು ಅಳುತ್ತ ಎದ್ದಳು.

ಖೈರುನ್ನಿಸಾ ಅವರನ್ನು ಸರಿಸಿದಳು. ನಾನು ಮೊಣಕಾಲೂರಿ ಕಿಂಡಿಗೆ ಮುಖ ಕೊಟ್ಟೆ. ಒಳಗೆ ಏನೂ ಕಾಣಲಿಲ್ಲ. ಬಿಸಿಯಾದ, ಹುಳಿತ ಗಾಳಿ ಮುಖಕ್ಕೆ ಬಡಿಯಿತು.

"ಸೆಲಿನಾ, ನಾನು. ಲೂಸಿ ಬಾಯಾರ."

"ಬಂದ್ರಿ?" ದನಿ ಸಣ್ಣದಾಗಿತ್ತು, ಆದರೆ ಸಮಾಧಾನದ್ದು. "ನೀವು ಬರ್ತೀರಂತ ಅವರು ಹೇಳಿದ್ರು. ಉಳದದ್ದ ಬರಕೋಳಾಕ ಬಂದೀರಲ್ಲಾ?"

"ಏನು ಉಳದದ್ದು?"

ಆಗ ಅವಳು ಹೇಳತೊಡಗಿದಳು. ಅವಳ ಮಾತು ದಾಂಡೇಲಿಯ ಮಾತಾಗಿರಲಿಲ್ಲ, ಪುಸ್ತಕದ್ದು. ನಾನು ಅನುವಾದಕ್ಕೆಂದು ರೂಢಿಸಿಕೊಂಡಿದ್ದ ಸಣ್ಣ ಸಣ್ಣ ವಾಕ್ಯಗಳ ಕನ್ನಡ. "ಗೋಡೆ ತೆಳುವಾಗುತ್ತಿದೆ. ಅನ್ನ ಬಿಟ್ಟಷ್ಟೂ ತೆಳುವಾಗುತ್ತದೆ. ಇನ್ನು ಮೂರು ದಿನ ಎಂದರು ಅವರು. ಆಮೇಲೆ ಗೋಡೆ ಬೇಕಾಗಿಲ್ಲ." ಇವು ಯಾವ ಪುಟದಲ್ಲೂ ಇರಲಿಲ್ಲ. ನಾನು ಬರೆದವಲ್ಲ, ಗೋಡಿತಾಯಿ ಬರೆಸಿದವೂ ಅಲ್ಲ. ಆದರೆ ನನ್ನ ಮುಂದಿಟ್ಟು ಕೇಳಿದ್ದರೆ ನನ್ನವೇ ಎನ್ನುತ್ತಿದ್ದೆ.

ಅವಳು ಹೇಳುತ್ತಿರುವಾಗಲೇ ನನಗೆ ಇನ್ನೊಂದು ಕೇಳಿಸಿತು. ಮಾತಾಡುವಾಗ ಮನುಷ್ಯ ಉಸಿರು ಹೊರಗೆ ಬಿಡುತ್ತಾನೆ. ಮಾತೂ ಉಸಿರೆಳೆಯುವುದೂ ಒಟ್ಟಿಗೆ ಆಗುವುದಿಲ್ಲ. ಸೆಲಿನಾ ಮಾತಾಡುತ್ತಿದ್ದಳು, ಅದೇ ಹೊತ್ತಿಗೆ ಒಳಗೆ ಯಾರೋ ಉದ್ದಕ್ಕೆ, ನಿಧಾನವಾಗಿ, ಉಸಿರು ಎಳೆದುಕೊಳ್ಳುತ್ತಿದ್ದರು. ಅವಳ ವಾಕ್ಯ ಮುಗಿದೊಡನೆ ಅದೂ ನಿಲ್ಲುತ್ತಿತ್ತು. ಅವಳು ಸುಮ್ಮನಾದಾಗ ಸುಮ್ಮನಿರುತ್ತಿತ್ತು, ಕಾಯುವ ಹಾಗೆ.

ಎದ್ದು ಓಡಿಬಿಡಬೇಕು ಎನಿಸಿತು. ಹಿಂದಿನಿಂದ ರುಜಾಬಾಯಿ ನನ್ನ ಭುಜ ಒತ್ತಿ, "ಖರೆ ಹೇಳ್ರಿ ಅಕೀಗೆ," ಎಂದಳು.

"ಸೆಲಿನಾ, ಕೇಳು. ಗೋಡಿತಾಯಿ 'ಅವರು' ಅಂತ ಬರದಿಲ್ಲ."

"ನೀವ ಓದಿದ್ರಿ."

"ಆ ಶಬ್ದ ನಾ ಹಾಕಿದ್ದು. ಆಕಿ ಯಾರು ಅಂತ ಬರದಿಲ್ಲ. ಆಕೀಗೂ ಗೊತ್ತಿರಲಿಲ್ಲ. ನಿನ್ನ ಗಂಡ ಅಂತ ಹೇಳೂ ಹಕ್ಕು ನನಗಿರಲಿಲ್ಲ. ನೀ ಕೇಳಿದಾಗ ನನಗ ಗೊತ್ತಿಲ್ಲ ಅನಬೇಕಿತ್ತು. ನನಗ ಗೊತ್ತಿಲ್ಲ ಸೆಲಿನಾ. ಯಾರು ಅಂತ ನನಗ ಗೊತ್ತಿಲ್ಲ."

ಬತ್ತಿಗಳು ಚಿಟಚಿಟ ಅನ್ನುತ್ತಿದ್ದವು. ಆಮೇಲೆ ಅವಳ ದನಿ ಬಂತು. ಈ ಸಲ ಅದು ಅವಳದೇ ದನಿ, ದಾಂಡೇಲಿಯದು, ಮತ್ತು ಅದರಲ್ಲಿ ಹೆದರಿಕೆ ಇತ್ತು.

"ಹಂಗಾದ್ರ ಬಾಯಾರ, ಇಲ್ಲಿ ನನ್ನ ಬಾಜೂಕ ಕೂತಾರಲ್ಲ, ಇವರು ಯಾರ್ರಿ?"

ರುಜಾಬಾಯಿ ನನ್ನನ್ನು ಪಕ್ಕಕ್ಕೆ ನೂಕಿ ತಾನೇ ಕಿಂಡಿಗೆ ಬಾಯಿ ಕೊಟ್ಟಳು. "ಯಾರಾರ ಇರವಲ್ರ್ಯಾಕ! ಅತ್ಲಾಗ ನೋಡಬ್ಯಾಡ. ಈ ಕಿಂಡಿ ನೋಡು, ನನ್ನ ಮಾರಿ ನೋಡು. ಎದ್ದು ಚಿಲಕಾ ತಗಿ."

"ಏಳಾಕ ಆಗವಲ್ದು."

"ಹಂಗಾದ್ರ ಮಾತ ಬಿಡಬ್ಯಾಡ. ಹೋದ ವಾರ ಖೈರುನ್ನಿಸಾ ಏನ ಕೊಟ್ಟಿದ್ಲು? ಹೇಳು."

"ರೊಟ್ಟಿ."

"ರೊಟ್ಟಿ ಕೂಡ?"

"ಬದನಿಕಾಯಿ ಪಲ್ಯ..."

ಖೈರುನ್ನಿಸಾ ಆಗಲೇ ಗ್ಯಾರೇಜಿಗೆ ಓಡಿದ್ದಳು. ಅವಳ ಗಂಡ ಕಬ್ಬಿಣದ ಹಾರೆ ಹಿಡಿದು ಬಂದ. ಹಿತ್ತಲಿನ ಹೆಂಗಸರಲ್ಲಿ ಒಬ್ಬಳು ಅಡ್ಡ ನಿಂತು, ಪಾಪ ತಟ್ಟುತ್ತದೆ ಎಂದು ಕೂಗಿದಳು. ಅವನು, "ಪಾಪ ನನಗ ಇರಲಿ, ದಾರಿ ಬಿಡು ತಂಗಿ," ಎಂದು ಒಳಗೆ ನಡೆದು ಕೋಣೆಯ ಬಾಗಿಲನ್ನು ಮೀಟಿದ. ಮೂರನೆಯ ಸಲಕ್ಕೆ ಚಿಲಕ ಕಿತ್ತು ಬಂತು.

ಸಣ್ಣ ಕೋಣೆ. ಒಂದು ಚಾಪೆ. ಚಾಪೆಯ ಮೇಲೆ ಎಲುಬು ಎಣಿಸುವಂತಾಗಿದ್ದ ಸೆಲಿನಾ. ಅವಳ ಮುಂದೆ ಒಂದು ತಾಟು, ಗೋಡೆಯ ಬುಡದಲ್ಲಿ ಇನ್ನೊಂದು. ಎರಡರಲ್ಲೂ ಒಣಗಿದ ರೊಟ್ಟಿ. ಬೇರೆ ಯಾರೂ ಇರಲಿಲ್ಲ. ಆ ಗೋಡೆಯ ಆಚೆ ಮನೆಯಿಲ್ಲ, ಇಳಿಜಾರು ಮಾತ್ರ. ರುಜಾಬಾಯಿ ಅವಳನ್ನು ಎತ್ತಿಕೊಂಡಾಗ ಕೂಸಿನಷ್ಟು ಹಗುರಾಗಿದ್ದಳಂತೆ.

ಹನ್ನೊಂದು ದಿನ ಆಸ್ಪತ್ರೆಯಲ್ಲಿ ಸಲೈನು ಹಚ್ಚಿದರು. ಖೈರುನ್ನಿಸಾ ಗಂಜಿ ತರುತ್ತಿದ್ದಳು, ರುಜಾಬಾಯಿ ಕುಡಿಸುತ್ತಿದ್ದಳು. ನಾನು ಸುಮ್ಮನೆ ಕೂತಿರುತ್ತಿದ್ದೆ. ಆರನೆಯ ದಿನ ಸೆಲಿನಾ ಕಣ್ಣು ಬಿಟ್ಟು ನನ್ನನ್ನೇ ನೋಡಿದಳು.

"ಬಾಯಾರ, ಕಿಂಡಿ ಹತ್ರ ನೀವು ಕೇಳಿಸ್ಕೊಂಡ್ರಿ, ಹೌದಲ್ಲೋ?"

"ಏನು?"

"ಅದು."

ರುಜಾಬಾಯಿ ಚಮಚ ಹಿಡಿದು ಕಾಯುತ್ತಿದ್ದಳು. ನಾನು ಹೌದು ಎಂದರೆ ಈ ಹೆಂಗಸು ಮತ್ತೆ ಆ ಕೋಣೆಗೆ ಹೋಗುತ್ತಾಳೆ ಎನಿಸಿತು. "ಇಲ್ಲ ಸೆಲಿನಾ," ಎಂದೆ. "ನನಗೇನೂ ಕೇಳಿಸಲಿಲ್ಲ." ಅವಳು ಗೋಡೆಯ ಕಡೆ ಮುಖ ಮಾಡಿ ಅತ್ತಳು. ಆಮೇಲೆ ಬಾಯಿ ತೆರೆದು ಗಂಜಿ ಕುಡಿದಳು.

ಫಾದರ್ ಬೆಂಜಮಿನ್‌ಗೆ ಎಲ್ಲವನ್ನೂ ಹೇಳಿದೆ, ಆ ಉಸಿರೊಂದನ್ನು ಬಿಟ್ಟು. ಕೆಲಸ ಬಿಡುತ್ತೇನೆ ಎಂದೆ. ಅವರು ಮಲಗಿದಲ್ಲೇ ಬೇಡವೆಂದು ತಲೆಯಾಡಿಸಿದರು.

"ಶಬ್ದ ಹಾಕಿದ್ದು ನಾವಿಬ್ಬರೂ. ಆಗಬಹುದು ಅಂತ ನಾನೇ ಹೇಳಿದೆನಲ್ಲ. ಆದರೆ ಅವಳು ಕೇಳುವಾಗ ಗೊತ್ತಿಲ್ಲ ಅಂತ ಹೇಳ್ಲಿಕ್ಕೆ ನಿನಗೆ ನಾಚಿಕೆ ಆಯಿತು. ಅದು ನಿನ್ನದೇ ತಪ್ಪು. ಬಿಟ್ಟು ಹೋದರೆ ಆ ತಪ್ಪನ್ನು ಇನ್ನೊಬ್ಬರು ಮೊದಲಿನಿಂದ ಮಾಡಬೇಕಾಗ್ತದೆ. ಕೂತು ಸರಿ ಮಾಡು."

ಕೂತೆ. ಅವರು ಎಂದು ಇದ್ದಲ್ಲೆಲ್ಲ ಯಾರೋ ಎಂದು ತಿದ್ದಿದೆ. ಓದಲು ಅಷ್ಟು ಚಂದವಿಲ್ಲ. ಹಾಳೆಗಳನ್ನು ಮನೆಗೆ ಕೊಡುವುದು ನಿಲ್ಲಿಸಿದೆ. ಒಂಬತ್ತನೆಯ ಪುಟ ಓದುವ ದಿನ ಬಂದವರನ್ನು ಇಬ್ಬಿಬ್ಬರಾಗಿ ಕೂರಿಸತೊಡಗಿದೆ. ಮುಗಿದ ಮೇಲೆ ಪ್ರತಿಯೊಬ್ಬರೂ ಜೊತೆಗಾರರಿಗೆ ನಿನ್ನೆ ಮನೆಯಲ್ಲಿ ಏನು ಅಡುಗೆ ಎಂದು ಹೇಳಬೇಕು. ಲಾಮಾ ಹೇಳಿದ ಬಾಗಿಲು ಬಡಿಯುವವನ ಕತೆಯನ್ನೂ ಸೇರಿಸಿದೆ. ಕೆಲವು ಧರ್ಮಭಗಿನಿಯರು, ಇದೇನು ಧ್ಯಾನವೋ ಅಡುಗೆಮನೆಯೋ ಎಂದು ದೂರಿದರು. ದೂರಲಿ ಎಂದು ಬಿಟ್ಟೆ.

ಹೊಸಬರು ಈಗ ಬರಹವನ್ನು ಫೋನಿಗೆ ಹಾಕಿ ಕನ್ನಡ ಮಾಡಿಸುತ್ತಾರೆಂದು ಕೇಳಿದೆ. ನಾನೂ ಒಮ್ಮೆ ಮಾಡಿ ನೋಡಿದೆ. ಅದು ಎಲ್ಲ ಕಡೆ ಅವನು ಎಂದು ಹಾಕಿತ್ತು, ಎಲ್ಲೂ ತಡವರಿಸದೆ. ಅವರಿಗೆ ಇಷ್ಟೇ ಹೇಳುತ್ತೇನೆ: ಫೋನು ಕೊಟ್ಟರೂ ನೀವೇ ಆರಿಸಿದರೂ, ಬಂದವರು ನಿಮ್ಮನ್ನು ಯಾರು ಎಂದು ಕೇಳುತ್ತಾರೆ. ಆಗ ಗೊತ್ತಿಲ್ಲ ಎನ್ನಲು ಕಲಿಯಿರಿ. ನಾನು ಆ ಒಂದು ಮಾತು ಕಲಿಯುವಷ್ಟರಲ್ಲಿ ಒಂದು ಹೆಣ್ಣುಜೀವ ಹೋಗುವುದರಲ್ಲಿತ್ತು.

ಫಾದರ್ ತೀರಿಕೊಂಡು ಬಹಳ ವರ್ಷಗಳಾದವು. ರುಜಾಬಾಯಿ ಹೋಗಿ ಎರಡು ವರ್ಷ. ಇತ್ತೀಚಿನವರೆಗೆ ನಾನು ಹಳಿಯಾಳದಲ್ಲಿ ಒಂದು ಬಾಡಿಗೆ ಕೋಣೆಯಲ್ಲಿದ್ದೆ. ಇದನ್ನು ಬರೆಯಬೇಕೆಂದು ಕೂತಾಗ, ಹೊಸಬರಿಗೆ ನಿಜ ಹೇಳಿರೆಂದು ಬೋಧಿಸುವ ಮೊದಲು ನಾನು ಒಬ್ಬಳಿಗೆ ಹೇಳಬೇಕಾದ ನಿಜ ಬಾಕಿ ಇದೆ ಎನಿಸಿತು. ಹೋದ ತಿಂಗಳು ದಾಂಡೇಲಿಗೆ ಹೋದೆ.

ಸೆಲಿನಾ ಈಗ ಬಸ್ ನಿಲ್ದಾಣದ ಹತ್ತಿರ ಖಾನಾವಳಿ ನಡೆಸುತ್ತಾಳೆ. ಮೈ ತುಂಬಿಕೊಂಡಿದ್ದಾಳೆ, ಕೂದಲು ಬೆಳ್ಳಗಾಗಿದೆ. ಊಟದ ಗದ್ದಲ ಮುಗಿದ ಮೇಲೆ ಅವಳ ಮನೆಗೆ ಹೋದೆವು. ಹಿಂದಿನ ಕೋಣೆಯ ಗೋಡೆಯನ್ನೇ ತೆಗೆಸಿ ಅದನ್ನು ಅಡುಗೆಮನೆಗೆ ಸೇರಿಸಿಕೊಂಡಿದ್ದಳು. ಅಲ್ಲೇ ಕೂತು ಅವಳು ಅಕ್ಕಿ ಆರಿಸುತ್ತಿದ್ದಾಗ ಹೇಳಿದೆ.

"ಸೆಲಿನಾ, ಆಸ್ಪತ್ರ್ಯಾಗ ನಾ ನಿನಗ ಸುಳ್ಳ ಹೇಳಿದ್ದೆ. ಆವತ್ತ ನನಗೂ ಕೇಳಿಸಿತ್ತು."

ಅವಳ ಕೈ ನಿಲ್ಲಲಿಲ್ಲ. "ಗೊತ್ತಿತ್ತ ಬಿಡ್ರಿ ಬಾಯಾರ. ಇಲ್ಲ ಅನ್ನೂವಾಗ ನಿಮ್ಮ ತುಟಿ ಬೆಳ್ಳಗಾಗಿದ್ವು. ನಾ ಬದಕಲಿ ಅಂತ ಹೇಳಿದ್ರಿ. ಅದಕ್ಕ ಗಂಜಿ ಕುಡದೆ."

"ಆಮ್ಯಾಲ ಯಾವತ್ತಾರ ಕೇಳಿಸಿತೇನ?"

"ಇಲ್ರಿ. ಅವತ್ತ ನೀವು ಗೊತ್ತಿಲ್ಲ ಅಂದ್ರ್ಯಲ್ಲ, ಅವತ್ತಿಂದ ಇಲ್ಲ." ಮೊರದಿಂದ ಕಣ್ಣೆತ್ತಿ ನನ್ನ ಮುಖ ನೋಡಿದಳು. "ನಿಮಗ?"

ಇದನ್ನು ಯಾರಾದರೂ ಕೇಳುತ್ತಾರೆಂದು ನಾನು ಎಣಿಸಿರಲಿಲ್ಲ. ನಿವೃತ್ತಿಯಾಗಿ ಒಬ್ಬಳೇ ಇರತೊಡಗಿದ ಮೇಲೆ ಮಧ್ಯಾಹ್ನದ ಹೊತ್ತು ಪುಸ್ತಕ ಹಿಡಿದು ಗಟ್ಟಿಯಾಗಿ ಓದಿಕೊಳ್ಳುವುದು ನನ್ನ ರೂಢಿ. ಓದುತ್ತಿರುವಾಗ, ಒಮ್ಮೊಮ್ಮೆ, ವಾಕ್ಯದ ನಡುವೆ ಆ ಉಸಿರೆಳೆತ. ನಾನು ನಿಲ್ಲಿಸಿದರೆ ನಿಲ್ಲುತ್ತದೆ.

"ಒಮ್ಮೊಮ್ಮೆ," ಎಂದೆ.

ಯಾರು ಎಂದು ಅವಳು ಕೇಳಲಿಲ್ಲ. ಮೊರವನ್ನು ಪಕ್ಕಕ್ಕಿಟ್ಟು ಎದ್ದು, ಡಬ್ಬಿಯಿಂದ ಇನ್ನೊಂದು ಪಾವು ಅಕ್ಕಿ ತಂದು ಸುರಿದುಕೊಂಡಳು.

"ನಿಮ್ಮ ಖೋಲಿ ಕೀಲಿ ಖೈರುನ್ನಿಸಾಗ ಕೊಡ್ರಿ. ನಾಳೆ ಆಕಿ ಮಗನ್ನ ಕಳಿಸಿ ನಿಮ್ಮ ಅರಿವಿ ತರಸೋಣು," ಎಂದಳು. "ಒಬ್ರ ಕೂತು ಓದೂದು ಇನ್ನ ಸಾಕ."

ನಾನು ಕೀಲಿ ಕೊಟ್ಟೆ. ಈ ಪುಟಗಳನ್ನು ಅವಳ ಅಡುಗೆಮನೆಯಲ್ಲಿ ಕೂತೇ ಬರೆದಿದ್ದೇನೆ.